ಪೂಜೆಗೆ ಕುಳಿತ ರೌಟರು

ಆಧಾರವಿಲ್ಲದ ಕಥೆಯನ್ನು ನಾನು ಒಪ್ಪುವವಳಲ್ಲ. ಅದಕ್ಕೇ ಏನೋ, ಅಂಥ ಕಥೆಗಳು ನನ್ನ ಮನೆಯನ್ನೇ ಹುಡುಕಿಕೊಂಡು ಬರುತ್ತವೆ.

ಖಾನಾಪುರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಕಾಲು ಉಳುಕಿಸಿಕೊಂಡ ಅವ್ವನನ್ನು ನೋಡಿಕೊಳ್ಳಲು ದಸರೆಗೆ ಮುಂಚಿನ ಕೆಲವು ವಾರ ಅಲ್ಲಿಯ ತವರಿನಲ್ಲೇ ಇದ್ದೆ. ನನ್ನ ಕಂಪ್ಯೂಟರು ಮಾತ್ರ ಬೆಳಗಾವಿಯ ಖಾಸಬಾಗದ ಗಂಡನ ಮನೆಯಲ್ಲಿ, ಅತ್ತೆಯ ವಶದಲ್ಲಿತ್ತು. ವಿಚಾರ ಸಂಕಿರಣಕ್ಕೆಂದು ಬರೆಯುತ್ತಿದ್ದ ಪ್ರಬಂಧವೂ ಅದರಲ್ಲೇ. ವಿಷಯ, ಐತಿಹ್ಯಗಳು ಹುಟ್ಟುವ ಬಗೆ. ಚಿತ್ರಗಳಿಂದ ಭಾರವಾಗಿದ್ದ ಆ ಪ್ರಬಂಧವನ್ನು ಅಣ್ಣನ ಹಳೆಯ ಲ್ಯಾಪ್‌ಟಾಪು ಹೊರಲಾರದು. ಆದ್ದರಿಂದ ಮನೆಯ ರೌಟರಿನಲ್ಲಿ ದಾರಿಯೊಂದನ್ನು ತೆರೆದು, ಖಾನಾಪುರದಲ್ಲಿ ಕುಳಿತೇ ಖಾಸಬಾಗದ ಕಂಪ್ಯೂಟರನ್ನು ನಡೆಸುವ ಏರ್ಪಾಡು ಮಾಡಿಕೊಂಡಿದ್ದೆ.

ದೇಸೂರಿನ ಕಬ್ಬಿಣ

ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಸಂಪರ್ಕ ಕಡಿಯುತ್ತಿತ್ತು. ಅಣ್ಣ ಕಾರಣ ಹೇಳಿದ: "ಇದು ರೇಲ್ವೆ ಬೆಳಗಾವಿ ದಾರ್ಯಾಗಿನ ದೇಸೂರ ದಾಟೂ ಹೊತ್ತು. ಅಷ್ಟೊಂದು ಕಬ್ಬಿಣ ನಡುವ ಬಂದ್ರ ನಿನ್ನ ನೆಟ್ ಹೆಂಗ ದಾಟ್ತೈತಿ?"

"ನೆಟ್ ಹಳಿ ಮ್ಯಾಲ ಬರೂದಿಲ್ಲಣ್ಣ."

"ನೀ ನೋಡಿಯೇನು?"

ರೈಲು ತಡವಾದ ದಿನವೂ ಸಂಪರ್ಕ ಹೊತ್ತಿಗೆ ಸರಿಯಾಗಿಯೇ ಕಡಿಯಿತು. ಅತ್ತೆಗೆ ಫೋನು ಮಾಡಿದೆ.

"ಕಾಯಿಪಲ್ಯೆ ತರಾಕ ಹೋಗೂ ಮುಂದ ರೌಟರ್ ಬಂದ್ ಮಾಡ್ತೀನವ್ವ," ಎಂದರು. "ಮನ್ಯಾಗ ಯಾರೂ ಇಲ್ಲಂದ್ರ ಆ ದೀಪಾ ಯಾರ ಸಲುವಾಗಿ ಮಿಣಕ್ ಮಿಣಕ್ ಅನಬೇಕು?"

ಸಾಕ್ಷ್ಯವನ್ನು ಅಣ್ಣನ ಮುಂದಿಟ್ಟೆ. ಆತ ಗಂಭೀರವಾಗಿ ಯೋಚಿಸಿದ. "ಖರೇ. ಆದ್ರ ಅವರು ದಿನಾ ರೇಲ್ವೆ ಹೊತ್ತಿಗೇ ಯಾಕ ಹೋಗ್ತಾರ? ಅದನ್ನ ವಿಚಾರ ಮಾಡು."

ಮರೆಗುಳಿ

ರೌಟರು ಆರಿ ಹೊತ್ತಿದಾಗಲೆಲ್ಲ ಕಂಪ್ಯೂಟರಿಗೆ ವಿಳಾಸದ ಹೊಸ ಸಂಖ್ಯೆ ಕೊಡುತ್ತಿತ್ತು. ನಾನು ತೆರೆದ ದಾರಿ ಹಳೆಯ ಸಂಖ್ಯೆಗೇ ಹೋಗಿ ಬಾಗಿಲು ಬಡಿಯುತ್ತಿತ್ತು. ಒಂದು ಭಾನುವಾರ ಖಾಸಬಾಗಕ್ಕೆ ಹೋಗಿ ಆ ಸಂಖ್ಯೆಯನ್ನು ಖಾಯಂ ಮಾಡಿದೆ.

"ತನ್ನ ನಂಬರ್ ತನಗ ನೆನಪಿರೂದಿಲ್ಲೇನ ಅದಕ್ಕ?" ಅತ್ತೆಗೆ ಆಶ್ಚರ್ಯ. "ನಿನ್ನ ಗಂಡನ ಟೇಬಲ್ ಮ್ಯಾಲ ಇಟ್ಟೀವಲ್ಲ, ಅವನ ಗುಣಾ ಹತ್ತೇತಿ."

ಗಜ್ಜರಿ

ಪ್ರಬಂಧ ಕಳುಹಿಸಲು ಸಂಜೆ ಐದು ಗಂಟೆಯವರೆಗೆ ಮಾತ್ರ ಅವಕಾಶವಿದ್ದ ದಿನ. ಬೆಳಿಗ್ಗೆ ಎಲ್ಲವೂ ಸರಿಯಾಗಿತ್ತು. ಕೊನೆಯ ವಾಕ್ಯವೊಂದು ಬಾಕಿಯಿತ್ತು. ಊಟ ಮುಗಿಸಿ ನೋಡಿದರೆ ಸಂಪರ್ಕವಿಲ್ಲ. ಎರಡು ತಾಸು ನನ್ನ ಕಡೆಯ ತಪ್ಪನ್ನೇ ಹುಡುಕಿದೆ. ನಾಲ್ಕೂವರೆಯಾಯಿತು, ಇನ್ನು ಬಸ್ಸು ಹಿಡಿದರೂ ಪ್ರಯೋಜನವಿಲ್ಲ. ನನ್ನವರು ಕೆಲಸದ ಮೇಲೆ ಪುಣೆಯಲ್ಲಿದ್ದರು. ಅತ್ತೆಗೆ ವಿಡಿಯೋ ಕರೆ ಮಾಡಿದೆ.

"ರೌಟರಿನ ದೀಪ ಹತ್ಯಾವೇನ್ರಿ ಅತ್ತಿ?"

"ಹೆಂಗ ಕಾಣಬೇಕು? ಮೂರು ಬಟ್ಟಿಲೆ ವಿಭೂತಿ ಹಚ್ಚೀನಿ."

ಅಂದು ಖಂಡೆ ಪೂಜೆ. ದುಡಿಯುವ ಸಾಮಾನುಗಳಿಗೆಲ್ಲ ಪೂಜೆ, ಮರುದಿನದವರೆಗೆ ವಿಶ್ರಾಂತಿ. ಕಂಪ್ಯೂಟರು ಮತ್ತು ರೌಟರು, ಎರಡನ್ನೂ ಬಂದ್ ಮಾಡಿ ಚೆಂಡುಹೂವು ಏರಿಸಿದ್ದರು.

"ಸ್ವಲ್ಪ ಚಾಲೂ ಮಾಡ್ರಿ."

"ಪೂಜಿಗೆ ಕುಂತದ್ದನ್ನ ಕೈಲೆ ಮುಟ್ಟಬಾರದವ್ವ."

"ಮತ್ತ ಈ ಫೋನ್ ಹಿಡಿದೀರಲ್ರಿ?"

"ಇದಕ್ಕ ಪೂಜಿ ಮಾಡಿಲ್ಲ. ದಿನಾ ಮಧ್ಯಾಹ್ನ ನಿನ್ನ ನಾದಿನಿ ಫೋನ್ ಮಾಡ್ತಾಳಲ್ಲ."

ನನ್ನ ಮುಖ ನೋಡಿ ಅವರಿಗೆ ಕನಿಕರವಾಯಿತು. "ಕೈಲೆ" ಮುಟ್ಟಬಾರದಷ್ಟೇ ಎಂದು ತೀರ್ಮಾನವಾಯಿತು. ಲಟ್ಟಣಿಗೆಯಿಂದ ಒತ್ತಿರೆಂದೆ, ಅದೂ ಪೂಜೆಗೆ ಕುಳಿತಿತ್ತು. ಬಾಳೆಹಣ್ಣು ಮೆತ್ತಗಾಯಿತು. ಕೊನೆಗೆ ಗಜ್ಜರಿಯೊಂದನ್ನು, ಎಂದರೆ ಕ್ಯಾರೆಟ್ಟನ್ನು, ತಂದು ಕಣ್ಣು ಮುಚ್ಚಿ, "ತಪ್ಪಾತು ನಮ್ಮಪ್ಪಾ" ಎಂದು ಎರಡನ್ನೂ ಚಾಲೂ ಮಾಡಿದರು. ತುದಿಗೆ ಹತ್ತಿದ ವಿಭೂತಿ ನೋಡಿ ಹೇಳಿದರು: "ಇನ್ನ ಇದನ್ನ ಪಲ್ಯೆಕ್ಕ ಹಾಕೂಹಂಗಿಲ್ಲ."

ದರ್ಶನ

ಸಂಪರ್ಕ ಸಿಕ್ಕಿತು. ಐದಕ್ಕೆ ಹತ್ತು ನಿಮಿಷವಿತ್ತು. ಪರದೆಯ ಮೇಲಿನ ಬಾಣದ ಗುರುತನ್ನು ಸರಿಸಿದೆ. ಅಷ್ಟರಲ್ಲಿ ಅರಿಷಿಣ-ಕುಂಕುಮಕ್ಕೆ ಬಂದ, ನಾವು ಕಾಕು ಎಂದು ಕರೆಯುವ ಬಾಜೂ ಮನೆಯ ಹೆಂಗಸು ಚೀರಿದ್ದು, ಅತ್ತೆ ಇನ್ನೂ ಹಿಡಿದಿದ್ದ ಫೋನಿನಲ್ಲಿ ಕೇಳಿಸಿತು:

"ಅಯ್ಯ ಶಿವನ! ಯಾರೂ ಮುಟ್ಟವಲ್ರು, ತಾನ ನಡ್ಯಾಕತ್ತೇತಿ!"

ಓಣಿಯ ಹೆಂಗಸರೆಲ್ಲ ಕೂಡಿದರು. ಆ ಗದ್ದಲದಲ್ಲಿ ಫೋನು ಕಡಿಯಿತು. ಕಂಪ್ಯೂಟರಿನ ಕ್ಯಾಮೆರಾ ತೆರೆದೆ. ಯಾರೋ ಕರ್ಪೂರ ಹಚ್ಚಿ, ರೌಟರಿನ ಹೂವಿನ ಹತ್ತಿರವೇ ಬೆಳಗುತ್ತಿದ್ದರು. ಬೆಂಕಿ ಹತ್ತಿದರೆ ಪ್ರಬಂಧವೂ ಇಲ್ಲ, ಮನೆಯೂ ಇಲ್ಲ. ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದೆ: "ದಯವಿಟ್ಟು ಕರ್ಪೂರ ದೂರ ಒಯ್ಯಿರಿ."

ಎಲ್ಲರೂ ಏಕಕಾಲಕ್ಕೆ ಕೈಮುಗಿದರು. ಕರ್ಪೂರ ಹೊರಗೆ ಹೋಯಿತು. ಆ ಭಕ್ತಾದಿಗಳ ಸಮಕ್ಷಮ ಕೊನೆಯ ವಾಕ್ಯ ಬರೆದೆ: "ಕಣ್ಣಾರೆ ಕಂಡೆವೆನ್ನುವವರು ಹೆಚ್ಚಿದಂತೆ ಐತಿಹ್ಯ ಬೆಳೆಯುತ್ತದೆ." ಗಂಟೆ ಐದಾಗುವ ಮೊದಲೇ ಪ್ರಬಂಧ ತಲುಪಿತು.

ಕತ್ತಲಾಗುವಷ್ಟರಲ್ಲಿ ಆ ಪವಾಡದ ಮಾತು ಖಾಸಬಾಗ ದಾಟಿ ಖಾನಾಪುರದ ನಮ್ಮ ಅಣ್ಣನ ಕಿವಿಗೂ ಬಿದ್ದಿತ್ತು. ಅತ್ತೆಗೆ ಫೋನು ಮಾಡಿದೆ.

"ಅತ್ತಿ, ಅದನ್ನ ನಡಸಾಕತ್ತಿದ್ದು ನಾನು ಅಂತ ನೀವರ ಹೇಳಬಾರದಿತ್ತೇನ್ರಿ?"

"ಹೇಳಿದ್ನೆವ್ವ. ನನ್ನ ಸೊಸಿ ಖಾನಾಪುರದಾಗ ಕುಂತು ನಡಸಾಕತ್ತಾಳ ಅಂತ ಸಾರಿ ಸಾರಿ ಹೇಳಿದೆ," ಎಂದು ಅತ್ತೆ ನಿಟ್ಟುಸಿರಿಟ್ಟರು. "'ಸುಳ್ಳ ಏನರ ಕಥಿ ಕಟ್ಟಬ್ಯಾಡ್ರಿ, ನಾವು ಅಷ್ಟ ದಡ್ಡರೇನು' ಅಂತ ನನಗ ಬೈದ್ರು."