ಬಾನೆಟ್ಟಿಗೆ ಸಂದ ಬೆಳ್ಳಿಕಾಲು

ಬಾನೆಟ್ಟಿನ ಕೊಂಡಿ ಸವೆದಿತ್ತು. ತೊಂದರೆಯೆಂದರೆ ಅಷ್ಟೇ. ಮಿಕ್ಕಂತೆ ಸ್ಟೆರ್ಯೋಸನ ಕಾರು ಕೆಮ್ಮುತ್ತ, ಕ್ಯಾಕರಿಸುತ್ತ, ದಾರಿಯಲ್ಲಿ ಸಿಕ್ಕ ಒರತೆಯ ಬಳಿಯೆಲ್ಲ ನಿಂತು ರೇಡಿಯೇಟರಿಗೆ ನೀರು ಕುಡಿಯುತ್ತ, ಬೆಟ್ಟದ ಹಳ್ಳಿಗಳಿಗೆ ದಿನವೂ ರೊಟ್ಟಿ ಮುಟ್ಟಿಸುತ್ತಿತ್ತು. ಆದರೆ ಗಾಳಿ ಸ್ವಲ್ಪ ಜೋರಾಗಿ ಬೀಸಿದರೆ ಸಾಕು, ಸುವಾರ್ತೆ ಓದುವಾಗ ಎದ್ದುನಿಲ್ಲುವ ಭಕ್ತೆಯ ಹಾಗೆ ಬಾನೆಟ್ಟು ನೆಟ್ಟಗೆ ಎದ್ದು ನಿಂತು ಮುಂದಿನ ದಾರಿಯನ್ನು ಪೂರ್ತಿ ಮರೆಮಾಡಿಬಿಡುತ್ತಿತ್ತು.

ಪೇಟೆಯ ಮೆಕ್ಯಾನಿಕ್ಕು ಬೀಗದ ಇಡೀ ಜೋಡಣೆಯನ್ನೇ ಹೊಸದಾಗಿ ತರಿಸಬೇಕೆಂದಿದ್ದ. ಸ್ಟೆರ್ಯೋಸ್ ನಕ್ಕು ಬಂದಿದ್ದ. ಬೆರಳಗಲದ ಒಂದು ತಗಡನ್ನು ಸಂದಿಗೆ ತುರುಕಿದರೆ ಮುಗಿಯುವ ಕೆಲಸಕ್ಕೆ ಅಷ್ಟೊಂದು ದುಡ್ಡು ಯಾರು ಸುರಿಯುತ್ತಾರೆ? ಆ ತಗಡನ್ನು ಹುಡುಕುವುದನ್ನು ಮಾತ್ರ ಅವನು ಈಸ್ಟರಿನಿಂದ ನಾಳೆ ನಾಳೆ ಎಂದು ಮುಂದೂಡುತ್ತ ಬಂದಿದ್ದ.

ಈಗ ಪ್ರವಾದಿ ಎಲೀಯನ ಹಬ್ಬದ ಮುನ್ನಾದಿನ ಬಂದಿತ್ತು. ಶಿಖರದ ಗುಡಿಯಲ್ಲಿ ಸಂಜೆಯ ಪ್ರಾರ್ಥನೆಗೆ, ಪಾದ್ರಿಗಳು ಹರಸಿ ಹಂಚುವ ಐದು ರೊಟ್ಟಿ ಮುಟ್ಟಬೇಕು. ಬೇಕರಿಯ ಲಾಂಬ್ರೊಸ್ ಬುಟ್ಟಿಯನ್ನು ಹಿಂದಿನ ಸೀಟಿನಲ್ಲಿ ಇಡುತ್ತ ಹೇಳಿದ:

"ನೋಡಪ್ಪ ಸ್ಟೆರ್ಯೋ, ಹೋದ ವಾರ ನಿನ್ನ ರೊಟ್ಟಿ ಜನ ಊಟ ಮಾಡಿ ಮಲಗಿದ್ಮೇಲೆ ಮುಟ್ಟಿತ್ತು. ಇವತ್ತು ಗಂಟೆ ಹೊಡೆಯೋದ್ರೊಳಗೆ ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ನನ್ನ ಅಳಿಯನ ವ್ಯಾನೇ ಹೋಗುತ್ತೆ. ಆಮೇಲೆ ಬೇಜಾರು ಮಾಡ್ಕೋಬೇಡ."

ಸ್ಟೆರ್ಯೋಸನಿಗೆ ಗೊತ್ತಿದ್ದದ್ದು ಈ ಒಂದೇ ಕಸುಬು. ಅವನು ಸೋದರತ್ತೆ ಪೊಲಿಕ್ಸೆನಿಯನ್ನು ಕೈಹಿಡಿದು ಮುಂದಿನ ಸೀಟಿಗೆ ಹತ್ತಿಸಿದ. ಅತ್ತೆಯ ಬಲಮಂಡಿ ಎಷ್ಟೋ ವರ್ಷದಿಂದ ಮಡಚುತ್ತಿರಲಿಲ್ಲ. ಈ ಸಲ ಅವಳು ಪ್ರವಾದಿಗೆ ಹರಕೆ ಹೊತ್ತಿದ್ದಳು. ಕಾಲಿನ ಅಚ್ಚು ಒತ್ತಿದ ಬೆಳ್ಳಿಯ ತೆಳುತಗಡನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಕೆಂಪು ದಾರದಲ್ಲಿ ಪೋಣಿಸಿ ಪ್ರವಾದಿಯ ಚಿತ್ರಪಟಕ್ಕೆ ಕಟ್ಟಬೇಕು.

ಅಷ್ಟರಲ್ಲಿ ಕಾಫಿಯಂಗಡಿಯ ಮುಂದಿದ್ದವರೆಲ್ಲ ಎದ್ದು ಬಂದು ಬಾನೆಟ್ಟಿನ ಸುತ್ತ ನೆರೆದರು. ಒಬ್ಬ ತಂತಿ ಬಿಗಿ ಅಂದ, ಇನ್ನೊಬ್ಬ ಮೇಲೆ ಕಲ್ಲು ಹೇರು ಅಂದ. ಯೌವನವನ್ನೆಲ್ಲ ಹಡಗಿನ ಎಂಜಿನ್ ಕೋಣೆಯಲ್ಲಿ ಕಳೆದು ಬಂದಿದ್ದ ಅರಿಸ್ತೀದಿಸ್ ಎಲ್ಲರನ್ನೂ ಪಕ್ಕಕ್ಕೆ ಸರಿಸಿದ.

"ಹಡಗು ನಿಲ್ಲಿಸಿದವನಿಗೆ ಇದ್ಯಾವ ಲೆಕ್ಕ? ಒಂದು ಹಗ್ಗ ತನ್ನಿ."

ಹಗ್ಗದ ಒಂದು ತುದಿಯನ್ನು ಬಾನೆಟ್ಟಿಗೆ ಗಂಟು ಹಾಕಿ, ಇನ್ನೊಂದನ್ನು ಬಂಪರಿನ ಕೆಳಗಿನಿಂದ ಸುತ್ತಿ ತಂದು, ಕಿಟಕಿಯೊಳಗಿಂದ ಅತ್ತೆಯ ಬಲಗೈಗೆ ಕೊಟ್ಟ. "ಎಳೆದು ಹಿಡ್ಕೊಳ್ಳಿ ಪೊಲಿಕ್ಸೆನಮ್ಮ. ಬಿಡಬೇಡಿ." ಹೀಗೆಂದವನು ಯಾರೂ ಕರೆಯದೆಯೇ ರೊಟ್ಟಿಯ ಬುಟ್ಟಿಯ ಪಕ್ಕ ಹತ್ತಿ ಕೂತ.

ಹಗ್ಗದಲ್ಲಿ ದೋಷವಿರಲಿಲ್ಲ. ಗಂಟಿನಲ್ಲೂ ಇರಲಿಲ್ಲ. ಆದರೆ ಬೆಟ್ಟದ ದಾರಿಯಲ್ಲಿ ಎಲ್ಲೆಲ್ಲಿ ಬಂಡಿಗಳು ಪ್ರಪಾತಕ್ಕೆ ಉರುಳಿದ್ದವೋ, ಎಲ್ಲೆಲ್ಲಿ ಉರುಳದೆ ಉಳಿದಿದ್ದವೋ, ಅಲ್ಲೆಲ್ಲ ಒಂದೊಂದು ಪುಟ್ಟ ದೀಪಗೂಡು ಇತ್ತು. ದೀಪಗೂಡು ಕಂಡರೆ ಶಿಲುಬೆಯ ಗುರುತು ಹಾಕಿಕೊಳ್ಳಬೇಕು. ಅದಕ್ಕೆ ಬಲಗೈಯೇ ಬೇಕು.

ಮೊದಲ ಕಡಿದಾದ ತಿರುವಿನಲ್ಲಿ ಅತ್ತೆ ಹಗ್ಗ ಬಿಟ್ಟು ಮೂರು ಬಾರಿ ಗುರುತು ಹಾಕಿಕೊಂಡಳು. ಬಾನೆಟ್ಟು ಎದ್ದು ನಿಂತಿತು. ಸ್ಟೆರ್ಯೋಸನ ಕಣ್ಣ ಮುಂದೆ ಬೆಟ್ಟವೂ ಇಲ್ಲ, ಕಣಿವೆಯೂ ಇಲ್ಲ, ಬರೀ ತುಕ್ಕು.

"ಅತ್ತೆ, ಹಗ್ಗ!"

"ಮೊದಲು ದೇವ್ರು, ಆಮೇಲೆ ಹಗ್ಗ. ಎಡಕ್ಕೆ ತಿರುಗಿಸು."

"ಎಡಗೈಯಲ್ಲಾದ್ರೂ ಹಿಡ್ಕೊಳ್ಳಬಾರ್ದಾ?"

"ಎಡಗೈಯಲ್ಲಿ ಚೀಲ ಇದೆ. ಚೀಲದಲ್ಲಿ ನನ್ನ ಕಾಲಿದೆ."

ಎರಡನೆಯ ತಿರುವಿನಲ್ಲೂ ಅದೇ ಆಯಿತು. ದಾರಿ ಎಲ್ಲೆಲ್ಲಿ ಅಪಾಯವೋ ಅಲ್ಲಲ್ಲೇ ದೀಪಗೂಡು; ಎಲ್ಲೆಲ್ಲಿ ದೀಪಗೂಡೋ ಅಲ್ಲಲ್ಲೇ ಕುರುಡು. ಅರಿಸ್ತೀದಿಸ್ ಹಿಂದಿನಿಂದ "ಬಲಕ್ಕೆ ಹತ್ತು ಡಿಗ್ರಿ" ಎಂದು ಕೂಗುತ್ತಿದ್ದ. ಕೊನೆಗೆ, ಶಿಖರಕ್ಕೆ ಇನ್ನು ಒಂದೇ ಏರು ಇದೆ ಎನ್ನುವಾಗ, ಬಿಟ್ಟ ಹಗ್ಗ ಚಕ್ರಕ್ಕೆ ಸುತ್ತಿಕೊಂಡು ತುಂಡುತುಂಡಾಯಿತು. ಅದೃಷ್ಟಕ್ಕೆ ಒಂದು ದೀಪಗೂಡಿನ ಮುಂದೆಯೇ ಕಾರು ನಿಂತಿತು. ಅಲ್ಲಿನ ದೀಪ ಆರಿತ್ತು. ಅತ್ತೆ ಅದನ್ನು ಕಂಡು ತಡೆಯಲಾರದೆ, ಚೀಲವನ್ನು ಸೀಟಿನ ಮೇಲಿಟ್ಟು, ಕೋಲೂರಿಕೊಂಡು ಎಣ್ಣೆ ಹೊಯ್ಯಲು ಹೋದಳು.

ಸ್ಟೆರ್ಯೋಸ್ ಸಿಕ್ಕಿದ್ದೇ ಹೊತ್ತೆಂದು ಪಕ್ಕದ ಒರತೆಯಿಂದ ರೇಡಿಯೇಟರಿಗೆ ನೀರು ತರಲು ಡಬ್ಬಿ ಹಿಡಿದು ಓಡಿದ. ಅವನು ತಿರುಗಿ ಬರುವಷ್ಟರಲ್ಲಿ ಬಾನೆಟ್ಟು ಮುಚ್ಚಿತ್ತು. ಗುಡಿಯ ದೊಡ್ಡ ಬಾಗಿಲು ಮುಚ್ಚಿದ ಹಾಗೆ, ಗಂಭೀರವಾಗಿ, ಕೂದಲೆಳೆಯ ಸಂದೂ ಇಲ್ಲದೆ.

"ಏನ್ ಮಾಡಿದ್ರಿ?"

"ತಗಡು ತುರುಕಿದೆ," ಅಂದ ಅರಿಸ್ತೀದಿಸ್. "ಸೀಟಿನ ಮೇಲಿನ ಚೀಲದಲ್ಲಿ ಬಟ್ಟೇಲಿ ಸುತ್ತಿಟ್ಟಿದ್ದೆಯಲ್ಲ, ನಾಲ್ಕು ಮಡಿಕೆ ಮಾಡಿ ಬಡಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು ನೋಡು."

ಸ್ಟೆರ್ಯೋಸ್ ಬಗ್ಗಿ ನೋಡಿದ. ಬೀಗದ ಕೆಳಗೆ, ತುಕ್ಕಿನ ನಡುವೆ, ಐದು ಪುಟ್ಟ ಬೆಳ್ಳಿ ಬೆರಳುಗಳು ಹೊಳೆಯುತ್ತಿದ್ದವು. ಅವನ ಕೈಯಿಂದ ನೀರಿನ ಡಬ್ಬಿ ಜಾರಿತು. ಒಳಗೆ ನುಗ್ಗಿ ಬಾನೆಟ್ಟು ತೆರೆಯುವ ಹಿಡಿಯನ್ನು ಎಳೆದ. ಹಿಡಿ ತಂತಿಯ ಸಮೇತ ಅವನ ಮಡಿಲಿಗೆ ಬಂತು.

ಅತ್ತೆ ಬಂದು ಕೂತಳು. ಮೇಲೆ ಗಂಟೆ ಹೊಡೆಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ಸ್ಟೆರ್ಯೋಸ್ ಕಿತ್ತ ಹಿಡಿಯನ್ನು ಸೀಟಿನಡಿಗೆ ತಳ್ಳಿ ಕಾರು ಹೊರಡಿಸಿದ. ಶಿಖರದ ಗಾಳಿ ಎದುರಿನಿಂದ ಅಪ್ಪಳಿಸಿತು. ಬಾನೆಟ್ಟು ಕದಲಲಿಲ್ಲ. ತಪ್ಪು ಮಾಡಿದ ಭಯದ ನಡುವೆಯೂ ಅವನಿಗೆ ಮೈ ಜುಮ್ಮೆಂದಿತು. ಅವನ ಕಾರಿನ ಗಾಜಿನಲ್ಲಿ ಇಡೀ ಬೆಟ್ಟ, ಬಿಸಿಲು, ಹದ್ದು ಒಟ್ಟಿಗೆ ಕಂಡು ಎಷ್ಟು ಕಾಲವಾಗಿತ್ತು.

ರೊಟ್ಟಿ ಗಂಟೆಗೆ ಮುಂಚೆ ಮುಟ್ಟಿತು. ಕಾಲುದಾರಿ ಹಿಡಿದು ಮುಂಚೆಯೇ ಮೇಲೆ ಬಂದಿದ್ದ ಲಾಂಬ್ರೊಸ್ ಬುಟ್ಟಿ ಇಸಿದುಕೊಂಡು ತಲೆಯಾಡಿಸಿದ. ಸ್ಟೆರ್ಯೋಸ್ ಅತ್ತೆಯನ್ನು ಇಳಿಸಲು ಸುತ್ತಿಬಂದರೆ ಸೀಟು ಖಾಲಿ. ಅತ್ತೆ ಗುಡಿಯ ಮೆಟ್ಟಿಲ ಮೇಲಿದ್ದಳು. ಕೋಲು ಕಾರಿನಲ್ಲೇ ಇತ್ತು.

ಮೇಲಿನ ಮೆಟ್ಟಿಲಲ್ಲಿ ನಿಂತು ಅವಳು ಚೀಲ ತಡಕಿದಳು. ಕರವಸ್ತ್ರ ಇರಲಿಲ್ಲ. "ನನ್ನ ಕಾಲೆಲ್ಲೋ?"

ಸ್ಟೆರ್ಯೋಸ್ ಟೋಪಿ ತೆಗೆದು, ನೆಲ ನೋಡುತ್ತ ನಿಜ ಹೇಳಿದ. ಅರಿಸ್ತೀದಿಸ್ ಜನರ ಹಿಂದೆ ಸರಿದ. ಅತ್ತೆ ಬಗ್ಗಿ ತನ್ನ ಮಂಡಿಯನ್ನು ನೋಡಿಕೊಂಡಳು. ಅದು ಮಡಚಿತು. ಬಿಚ್ಚಿತು. ಮತ್ತೆ ಮಡಚಿತು.

"ನಾನು ಮೆಟ್ಟಿಲು ಹತ್ತಿದ್ನೇನೋ?"

"ಹತ್ತಿದ್ರಿ ಅತ್ತೆ."

ಆ ಕ್ಷಣಕ್ಕೆ ಸರಿಯಾಗಿ ನೀರು ಕಾಣದ ರೇಡಿಯೇಟರು ಕುದಿಯಿತು. ಬಾನೆಟ್ಟಿನ ಅಂಚುಗಳಿಂದ ಬಿಳಿಯ ಹಬೆ ಎದ್ದು, ಇಳಿಬಿಸಿಲಿನಲ್ಲಿ ಕೆಂಪಾಗಿ, ಇಡೀ ಕಾರನ್ನು ಆವರಿಸಿತು. ಗುಡಿಯ ಬಾಗಿಲ ಮೇಲಿನ ಚಿತ್ರದಲ್ಲಿ ಪ್ರವಾದಿ ಎಲೀಯ ಬೆಂಕಿಯ ರಥವೇರಿ ಆಕಾಶಕ್ಕೆ ಹೋಗುತ್ತಿದ್ದ. ಜನ ಚಿತ್ರ ನೋಡಿದರು, ಕಾರು ನೋಡಿದರು. ಒಬ್ಬೊಬ್ಬರಾಗಿ ಟೋಪಿ ತೆಗೆದರು.

"ಬಾನೆಟ್ಟು ತೆಗೀಬೇಕು, ಎಂಜಿನ್ ಸುಟ್ಟು ಹೋಗುತ್ತೆ," ಎಂದು ಸ್ಟೆರ್ಯೋಸ್ ಸಲಾಕಿ ಹಿಡಿದು ಬಂದ. ಅತ್ತೆ ಅವನಿಗಿಂತ ಮೊದಲು ಓಡಿಬಂದು ಅಡ್ಡ ನಿಂತಳು. ಹೌದು, ಓಡಿಯೇ ಬಂದಳು.

"ಅದನ್ನ ಮೀಟಿದ್ರೆ ನನ್ನ ಮಂಡಿ ಮೀಟಿದ ಹಾಗೆ. ಪ್ರವಾದಿ ತಾನೇ ಗಾಡೀಲಿ ಹೋದವನು. ನನ್ನ ಹರಕೇನ ಗಾಡೀಲೇ ತಗೊಂಡಿದ್ದಾನೆ."

ಸ್ಟೆರ್ಯೋಸ್ ಪಾದ್ರಿ ಯೆರಾಸಿಮೊಸರ ಕಡೆ ನೋಡಿದ. ಪಾದ್ರಿಗಳು ಗಡ್ಡ ನೀವಿಕೊಂಡರು. "ಕೊಟ್ಟ ಹರಕೇನ ವಾಪಸ್ ತೆಗೆಯೋ ಪದ್ಧತಿ ಇಲ್ಲಪ್ಪ," ಅಂದರು ಮೆಲ್ಲಗೆ. ಅವರ ಕಣ್ಣಲ್ಲೂ ನೀರಿತ್ತು.

ಪ್ರಾರ್ಥನೆ ಮುಗಿಯುವಷ್ಟರಲ್ಲಿ ಹಬೆ ಆರಿತು, ಎಂಜಿನ್ನೂ ಶಾಶ್ವತವಾಗಿ ಆರಿತು. ಲಾಂಬ್ರೊಸ್ ಬಂದು ಸ್ಟೆರ್ಯೋಸನ ಹೆಗಲ ಮೇಲೆ ಕೈಯಿಟ್ಟ. "ತಪ್ಪು ತಿಳ್ಕೊಂಡಿದ್ದೆ ಕಣಯ್ಯ. ಇಂಥ ಕಾರಿನ ಜಾಗಕ್ಕೆ ಅಳಿಯನ ವ್ಯಾನು ತಂದ್ರೆ ದೇವ್ರು ಮೆಚ್ತಾನಾ? ರೊಟ್ಟಿ ಹಂಚೋ ಕೆಲಸ ನೀನಿರೋವರೆಗೂ ನಿಂದೇ."

"ಯಾವುದ್ರಲ್ಲಿ ಹಂಚ್ಲಿ?"

"ನಡ್ಕೊಂಡು," ಅಂದ ಲಾಂಬ್ರೊಸ್ ಭಕ್ತಿಯಿಂದ.

ಬೆಟ್ಟವಿಳಿಯಲು ಹೊರಟ ಸ್ಟೆರ್ಯೋಸನ ಬಲಮಂಡಿ ಎರಡನೆಯ ತಿರುವಿಗೇ ಕಟಕ್ಕೆಂದಿತು. ಅವನು ಕುಂಟುತ್ತ ಹಿಂತಿರುಗಿ, ಗುಡಿಯ ಮುಂದೆ ಮೇಣದಬತ್ತಿಯನ್ನೂ ಹರಕೆಯ ತಗಡುಗಳನ್ನೂ ಮಾರುವ ಮುದುಕಿ ಜಂಬೆತಾಳ ಅಂಗಡಿಗೆ ಬಂದ.

"ಒಂದು ಕಾಲು ಕೊಡು ತಾಯಿ."

"ಕಾಲೆಲ್ಲ ಮುಗಿದುಹೋಯ್ತು ಮಗಾ. ಆ ಪವಾಡ ನೋಡಿದ್ಮೇಲೆ ಒಂದೂ ಉಳೀಲಿಲ್ಲ." ಅವಳು ಪೆಟ್ಟಿಗೆಯ ತಳ ಕೆದಕಿದಳು. "ಕಾರಿನ ಅಚ್ಚಿನದೊಂದಿದೆ. ಕೊಡ್ಲಾ?"

ಸ್ಟೆರ್ಯೋಸ್ ತಿರುಗಿ ನೋಡಿದ. ಸಂಜೆಗೆಂಪಿನಲ್ಲಿ ಅವನ ಕಾರು ನಿಂತಿತ್ತು. ಕನ್ನಡಿಗೆ, ವೈಪರಿಗೆ, ಬಾಗಿಲ ಹಿಡಿಗೆ, ಬಂಪರಿನುದ್ದಕ್ಕೂ ಕೆಂಪು ದಾರದಲ್ಲಿ ಬೆಳ್ಳಿಕಾಲುಗಳು ತೂಗುತ್ತ, ಗಾಳಿಗೆ ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಇಷ್ಟೊಂದು ಕಾಲುಗಳಿದ್ದ ಕಾರನ್ನು ಅವನು ಹುಟ್ಟಿದಮೇಲೆ ಕಂಡಿರಲಿಲ್ಲ.

"ಬೇಡಮ್ಮ," ಎಂದು ಟೋಪಿ ತೆಗೆದು ಎದೆಗೊತ್ತಿಕೊಂಡ. "ಕಾರಿದೆ."