ಎಡ ಗಾರ್ಡ್ ಅರವತ್ತನಾಲ್ಕಕ್ಕೆ ಕೊಟ್ಟ ಎರಡು ಅಂಕದ ತಿದ್ದುಪಡಿ

ಇಂದ,
ಲೀಲ್ಯಾಂಡ್ ವೊಬೋರಿಲ್, ವಯಸ್ಸು 58,
ವೇಬ್ರಿಡ್ಜ್ ನಿರ್ವಾಹಕ, ಧಾನ್ಯ ಸಹಕಾರಿ ಸಂಘ,
ಕ್ಲೋವರ್ ಜಂಕ್ಷನ್, ನೆಬ್ರಾಸ್ಕ.
(ಅಂತರ್ಜಾಲದ ಚರ್ಚಾಕಟ್ಟೆಯಲ್ಲಿ 'ತಟಸ್ಥ' ಎಂಬ ಹೆಸರಿನಲ್ಲಿ ಬರೆಯುವವನು ಇವನೇ. ಈ ಸಾಲನ್ನು ಓದಿದ ಕೂಡಲೇ, ಶನಿವಾರದ ಕೊನೆಯ ಸೀಟಿಯವರೆಗೆ, ಮರೆಯತಕ್ಕದ್ದು.)

ಗೆ,
ಶ್ರೀಮತಿ ಲೋರ್ನಾ ಕ್ರಿಸ್ಟೆನ್ಸನ್ ಅವರು,
ನಿರ್ವಾಹಕರು, ಹ್ಯಾಲ್ಬರ್ಟ್ ಕಾಲೇಜು ಅಮೆರಿಕನ್ ಫುಟ್‌ಬಾಲ್ ಅಭಿಮಾನಿಗಳ ಚರ್ಚಾಕಟ್ಟೆ;
ಹಾಗೂ ಗುಮಾಸ್ತರು, ಕಾಲೇಜಿನ ಕ್ರೀಡಾ ಕಚೇರಿ;
ಹಾಗೂ ಪಂದ್ಯದ ದಿನದ ಸ್ವಯಂಸೇವಕರ ಉಸ್ತುವಾರಿ.
(ಮೂವರೂ ತಾವೇ ಆಗಿರುವ ಕಾರಣ ಒಂದೇ ಪ್ರತಿ ಸಲ್ಲಿಸಲಾಗಿದೆ.)

ವಿಷಯ: ಆಟಗಾರನೊಬ್ಬನಿಗೆ ಕೊಟ್ಟ ಅಂಕವನ್ನು ತಿದ್ದುವ ಬಗ್ಗೆ, ಮತ್ತು ಒಂದು ಶನಿವಾರದ ರಜೆ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ:
1. ಚರ್ಚಾಕಟ್ಟೆಯ ಬರಹ ಸಂಖ್ಯೆ 8812, 'ತಟಸ್ಥ'ನಿಂದ.
2. ತಮ್ಮ ನಿಯಮ 14(ಬಿ): ಒಂದು ದಿನ ಕಳೆದ ಬರಹವನ್ನು ಲಿಖಿತ ಅರ್ಜಿಯಿಲ್ಲದೆ ತಿದ್ದುವಂತಿಲ್ಲ.
3. ಕಳೆದ ಗುರುವಾರ ಅಂಗಡಿಯಲ್ಲಿ ಮೊಟ್ಟೆಯ ಸಾಲಿನ ಬಳಿ ಅರ್ಜಿದಾರನು ಬಾಯಿಮಾತಿನಲ್ಲಿ ವಿಚಾರಿಸಿದಾಗ ತಾವು ಹೇಳಿದ, "ಬರ್ದು ಕೊಡಿ ಲೀಲ್ಯಾಂಡ್, ಬಾಯಲ್ಲಿ ಹೇಳಿದ್ದೆಲ್ಲ ನಂಗೆ ನೆನಪಿರಲ್ಲ" ಎಂಬ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ಅರ್ಜಿದಾರನು ಇಪ್ಪತ್ತನಾಲ್ಕು ವರ್ಷಗಳಿಂದ ಕಾಲೇಜಿನ ತವರು ಪಂದ್ಯಗಳಲ್ಲಿ ಗೆರೆಯ ಪಕ್ಕ ನಿಂತು ಚೆಂಡು ಹತ್ತು ಗಜ ಮುಂದೆ ಸಾಗಿತೇ ಎಂದು ಅಳೆಯುವ ಸರಪಳಿಯ ಮುಂದಿನ ಕೋಲು ಹಿಡಿಯುವ ಸೇವೆ ಸಲ್ಲಿಸುತ್ತಿದ್ದಾನೆ. ಸರಪಳಿಯವರು ಯಾವ ಪಕ್ಷಕ್ಕೂ ಸೇರಿದವರಲ್ಲ. ಕೂಗಬಾರದು, ಚಪ್ಪಾಳೆ ತಟ್ಟಬಾರದು, ತವರು ತಂಡ ಗೆದ್ದರೆ ಹಲ್ಲು ಕಾಣಬಾರದು. ಈ ಅವಧಿಯಲ್ಲಿ ಅರ್ಜಿದಾರನು ಒಮ್ಮೆ ಮಾತ್ರ, ನಮ್ಮವರು ಅಂಕ ಗಳಿಸಿದ ಕ್ಷಣದಲ್ಲೇ ಸೀನಿದ್ದು, ಅಂಪೈರು ತಿರುಗಿ ನೋಡಿದ್ದರಿಂದ ಕ್ಷಮೆ ಕೇಳಿದ್ದಾನೆ.

2. ಶನಿವಾರ ಮೂರು ಗಂಟೆ ಬಾಯಿಗೆ ಬೀಗ ಹಾಕಿಕೊಂಡವನಿಗೆ ಭಾನುವಾರ ಹೊಟ್ಟೆಯಲ್ಲಿದ್ದದ್ದು ಎಲ್ಲಾದರೂ ಹೊರಗೆ ಬರಬೇಕಾದ್ದರಿಂದ, ಅವನು ತಮ್ಮ ಚರ್ಚಾಕಟ್ಟೆಯಲ್ಲಿ 'ತಟಸ್ಥ' ಎಂಬ ಹೆಸರಿನಿಂದ ಖಾತೆ ತೆರೆದನು. ಇದುವರೆಗೆ ಎರಡು ಸಾವಿರದ ಮುನ್ನೂರು ಬರಹ ಬರೆದಿದ್ದಾನೆ. ಅವುಗಳಲ್ಲಿ ತಟಸ್ಥವಾದದ್ದು ಒಂದೂ ಇಲ್ಲ.

3. ತಮಗೆ ತಿಳಿದಿರುವಂತೆ ನಮ್ಮ ತಂಡವು ಹಿಂದಿನ ಮೂರು ಸೀಸನ್‌ಗಳಲ್ಲಿ ಹತ್ತಕ್ಕೆ ಎರಡು, ಹತ್ತಕ್ಕೆ ಒಂದು, ಮತ್ತೆ ಹತ್ತಕ್ಕೆ ಒಂದು ಪಂದ್ಯ ಗೆದ್ದಿತು. ಸಾವಿರದ ನೂರು ವಿದ್ಯಾರ್ಥಿಗಳ ಕಾಲೇಜು, ಆಡುವುದಕ್ಕೆ ವಿದ್ಯಾರ್ಥಿವೇತನವಿಲ್ಲ, ರಸಾಯನಶಾಸ್ತ್ರದ ಪ್ರಯೋಗ ಮುಗಿಯುವವರೆಗೂ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಅಭ್ಯಾಸಕ್ಕೆ ಬರುವುದಿಲ್ಲ. ಆದರೂ ಸೋಲಿಗೆ ಹೊಣೆ ಯಾರು ಎಂಬ ಬಗ್ಗೆ ಕಟ್ಟೆಯಲ್ಲಿ ಎರಡು ಪಕ್ಷಗಳಾದವು. ಕೋಚ್ ಸರಿಯಿಲ್ಲ ಎನ್ನುವವರು ಒಂದು ಕಡೆ, ಹುಡುಗರಲ್ಲಿ ಸರಕಿಲ್ಲ ಎನ್ನುವವರು ಇನ್ನೊಂದು ಕಡೆ. ಮೊದಲ ಪಕ್ಷದ ಮುಂದಾಳು 'ಸೈಲೋ40' ಎಂಬುವರು. "ಹುಡುಗ್ರು ಚಿನ್ನ ಕಣ್ರೀ. ಆ ಸ್ಟಾನೆಕ್ ಕೈಗೆ ಚಿನ್ನ ಕೊಟ್ರೂ ತಗಡು ಮಾಡಿ ವಾಪಸ್ ಕೊಡ್ತಾನೆ. ಮನೆಗೆ ಕಳ್ಸಿ ಸಾಕು" ಎಂದು ಅವರು ಪ್ರತಿ ಭಾನುವಾರ ಬರೆಯುತ್ತಿದ್ದರು.

4. ಸದರಿ ಸ್ಟಾನೆಕ್, ಅಂದರೆ ಹತ್ತೊಂಬತ್ತು ವರ್ಷ ನಮ್ಮ ಕೋಚ್ ಆಗಿದ್ದ ವರ್ಜಿಲ್ ಸ್ಟಾನೆಕ್, ಅರ್ಜಿದಾರನ ಮದುವೆಯಲ್ಲಿ ವರನ ಆಪ್ತ ಗೆಳೆಯನಾಗಿ ಅವನ ಪಕ್ಕ ನಿಂತವರು. ಪ್ರತಿ ಸೋಮವಾರ ಬೆಳಿಗ್ಗೆ ಇಬ್ಬರೂ ಒಂದೇ ಮೇಜಿನಲ್ಲಿ ತಿಂಡಿ ತಿನ್ನುತ್ತಾರೆ. ಆದ ಕಾರಣ, ಗೆಳೆಯನ ಕೆಲಸ ಉಳಿಸುವುದು ತನ್ನ ಕರ್ತವ್ಯವೆಂದು ಭಾವಿಸಿ ಅರ್ಜಿದಾರನು ಎರಡನೇ ಪಕ್ಷ ಸೇರಿದನು.

5. ಕಳೆದ ವರ್ಷ ನವೆಂಬರಿನಲ್ಲಿ ಅವನು ಬರಹ ಸಂಖ್ಯೆ 8812 ಬರೆದನು. ಅದರಲ್ಲಿ ತಂಡದ ನಲವತ್ತೊಂದು ಆಟಗಾರರಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಇಂಥವರನ್ನು ಇಟ್ಟುಕೊಂಡು ದೇವರೇ ಕೋಚ್ ಆಗಿ ಬಂದರೂ ಗೆಲ್ಲಲಾರ ಎಂದು ಸಾಧಿಸಿದನು. ದಿನವಿಡೀ ಲಾರಿ ತೂಗುವವನಾದ್ದರಿಂದ ಅವನಿಗೆ ಅಂಕಿಗಳ ಮೇಲೆ ನಂಬಿಕೆ ಹೆಚ್ಚು.

6. ಪಟ್ಟಿಯಲ್ಲಿ ಎಡ ಗಾರ್ಡ್, ಅಂಗಿ ಸಂಖ್ಯೆ ಅರವತ್ತನಾಲ್ಕು, ಎಂಬುವನೂ ಇದ್ದನು. ಚೆಂಡು ಮುಟ್ಟದೆ, ಎದುರಾಳಿಗೆ ಎದೆಯೊಡ್ಡಿ ದಾರಿ ಬಿಡಿಸುವುದು ಅವನ ಕೆಲಸ. ಅವನು ಅರ್ಜಿದಾರನ ಮಗ, ನೋಲನ್.

7. ಸದರಿ ನೋಲನ್‌ಗೆ ಅರ್ಜಿದಾರನು ಮೊದಲು ಆರು ಅಂಕ ಹಾಕಿದ್ದನು. ಉಳಿದವರಿಗೆಲ್ಲ ಮೂರು ನಾಲ್ಕು ಕೊಟ್ಟು ಒಬ್ಬನಿಗೆ ಮಾತ್ರ ಆರು ಕೊಟ್ಟರೆ, ಬರೆದವನು ಅವನ ಅಪ್ಪನೇ ಎಂದು ಸೈಲೋ40 ಅವರು ಮೂಸಿ ಕಂಡುಹಿಡಿಯುತ್ತಾರೆಂಬ ಭಯದಿಂದ ಐದು ಮಾಡಿದನು. ಐದೂ ಧಾರಾಳವೆನಿಸಿತು. ಮೂರು ಮಾಡಿದನು. ಯಾವ ಅನುಮಾನಕ್ಕೂ ಎಡೆಯಿರಬಾರದೆಂದು ಕೊನೆಗೆ ಎರಡು ಮಾಡಿ, "ಇವನ ಜಾಗದಲ್ಲಿ ಒಂದು ಚಪ್ಪಡಿ ಕಲ್ಲು ನಿಲ್ಲಿಸಿದರೆ ವಾಸಿ, ಕಲ್ಲು ತಪ್ಪು ದಿಕ್ಕಿಗೆ ಓಡುವುದಿಲ್ಲ" ಎಂಬ ವಾಕ್ಯವನ್ನೂ ಇನ್ನೊಂದೆರಡು ವಾಕ್ಯಗಳನ್ನೂ ಸೇರಿಸಿದನು. ಇಡೀ ಪಟ್ಟಿಯಲ್ಲಿ ಅತ್ಯಂತ ಕಡಿಮೆ ಅಂಕ ಅದೇ.

8. ಪರಿಣಾಮ ಈ ಕೆಳಗಿನಂತಾಯಿತು. ಕಾಲೇಜಿನ ಆಡಳಿತ ಮಂಡಳಿಯ ಸಭೆಯಲ್ಲಿ ಸದಸ್ಯರೊಬ್ಬರು ಬರಹ 8812ನ್ನು ಓದಿ ಹೇಳಿ, ಇಷ್ಟು ಕಳಪೆ ಆಟಗಾರರನ್ನು ಊರೂರು ತಿರುಗಿ ಆರಿಸಿ ತಂದವರು ಯಾರು ಎಂದು ಪ್ರಶ್ನಿಸಿದರು. ತಂದವರು ವರ್ಜಿಲ್. ಅವರನ್ನು ಮುಂದಿನ ವಾರ ತೆಗೆದುಹಾಕಲಾಯಿತು. ಆ ಸೋಮವಾರ ವರ್ಜಿಲ್ ದಾಲ್ಚಿನ್ನಿ ರೋಲನ್ನು ಚಿಲಿ ಸಾರಿನಲ್ಲಿ ಅದ್ದಿಕೊಂಡು, "ಯಾರೋ ಕಣಯ್ಯ, ತಟಸ್ಥ ಅಂತೆ. ನನ್ನ ಪರವಾಗಿ ವಾದ ಮಾಡಿ ಮಾಡಿ ಗುಂಡಿ ತೋಡ್ಬಿಟ್ಟ. ವೈರಿಗಳೂ ಇಷ್ಟು ಆಳ ತೋಡಿರ್ಲಿಲ್ಲ" ಎಂದರು. ಅರ್ಜಿದಾರನು, "ಹೌದಾ?" ಎಂದನು. ಅಂದಿನ ತಿಂಡಿಯ ಬಿಲ್ಲನ್ನು ಅವನೇ ಕೊಟ್ಟನು.

9. ವರ್ಜಿಲ್ ಜಾಗಕ್ಕೆ ಬಂದ ಡೆಮೆಟ್ರಿಯಸ್ ಪೂಲ್ ಅವರು ಮಾಡಿದ ಮೊದಲ ಕೆಲಸವೆಂದರೆ ಬರಹ 8812ನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಆಟಗಾರರು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಅಂಟಿಸಿದ್ದು. ಮೈದಾನಕ್ಕೆ ಇಳಿಯುವಾಗ ಪ್ರತಿಯೊಬ್ಬನೂ ಆ ಕಾಗದಕ್ಕೆ ಅಂಗೈಯಲ್ಲಿ ಬಾರಿಸಿ ಹೋಗಬೇಕು. ಹೊಸಬರು ನಾಲ್ಕೇ ಮಂದಿ. ಉಳಿದವರೆಲ್ಲ ಅದೇ ಹಳೆಯ ಹುಡುಗರು. ಈ ಸೀಸನ್‌ನಲ್ಲಿ ಇದುವರೆಗೆ ಒಂಬತ್ತಕ್ಕೆ ಎಂಟು ಗೆದ್ದಿದ್ದಾರೆ.

10. ಈಗ ಕಟ್ಟೆಯಲ್ಲಿ ಇದು ಕೋಚ್‌ನ ಕೈಚಳಕವೋ ಹುಡುಗರ ತಾಕತ್ತೋ ಎಂದು ಅದೇ ಎರಡು ಪಕ್ಷಗಳು ಜಾಗ ಬದಲಿಸಿಕೊಂಡು ಕಚ್ಚಾಡುತ್ತಿವೆ. ಸೈಲೋ40 ಅವರು, "ಎಲ್ಲಿದ್ದೀಯಪ್ಪ ತಟಸ್ಥ? ಆ ಚಪ್ಪಡಿ ಕಲ್ಲು ಹೇಗೆ ಓಡ್ತಿದೆ ನೋಡ್ದಾ?" ಎಂದು ಎಂಟು ಸಲ ಕೇಳಿದ್ದಾರೆ, ಗೆಲುವಿಗೆ ಒಂದರಂತೆ. ಅರ್ಜಿದಾರನು ಸೋಲಬೇಕೆಂದು ಹೂಡಿದ ವಾದ ಅದಾಗಿರಲಿಲ್ಲ, ಆದರೆ ಒಂದು ವಾದದಲ್ಲಿ ಇಷ್ಟು ಸಂತೋಷವಾಗಿ ಸೋತವನೂ ಈ ಜಿಲ್ಲೆಯಲ್ಲಿ ಇರಲಾರ.

11. ಏಳನೇ ಗೆಲುವಿನ ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನಡೆದ ಮಾತುಕತೆಯನ್ನು ಇದ್ದ ಹಾಗೆ ದಾಖಲಿಸಲಾಗಿದೆ.

"ಅಪ್ಪ, ನೀನಾಗಿದ್ರೆ ನಂಗೆ ಎಷ್ಟು ಕೊಡ್ತಿದ್ದೆ?" ಎಂದು ನೋಲನ್ ಕೇಳಿದನು.

"ನಾನು ಸರಪಳಿಯವ್ನು ಕಣೋ. ನಂಗೆ ಅಭಿಪ್ರಾಯ ಇರ್ಬಾರ್ದು."

"ಇದು ಮೈದಾನ ಅಲ್ಲ. ಊಟದ ಮೇಜು."

"ಆಲೂಗಡ್ಡೆ ಇತ್ಲಾಗೆ ಕೊಡು" ಎಂದು ಅರ್ಜಿದಾರನು ಹೇಳಿದನು.

ನೋಲನ್ ಆಲೂಗಡ್ಡೆ ಕೊಟ್ಟನು.

12. ಅವನು ಎದ್ದುಹೋದ ಮೇಲೆ ಅರ್ಜಿದಾರನ ಹೆಂಡತಿ ಅರ್ಲೀನ್, "ನೀನೇ ತಟಸ್ಥ ಅಂತ ನಂಗೆ ಗೊತ್ತು ಲೀಲ್ಯಾಂಡ್. ಭಾನುವಾರ ಪೂರ್ತಿ ಎರಡು ಬೆರಳಲ್ಲಿ ಟಪಟಪ ಕುಟ್ತಾ ಕೂತಿರ್ತೀಯ, ನಾನೇನು ಕಿವುಡಿನಾ? ಇಪ್ಪತ್ತೆರಡು ವರ್ಷದಲ್ಲಿ ಆ ಮಗೂ ಆಟದ ಬಗ್ಗೆ ನೀನು ಹೇಳಿರೋದು ಅದೊಂದೇ ಮಾತು. ಎರಡು" ಎಂದು ಹೇಳಿ ತಟ್ಟೆಗಳನ್ನು ತೆಗೆದುಕೊಂಡು ಹೋದಳು. ಅರ್ಜಿದಾರನು ನೆನಪು ಮಾಡಿಕೊಂಡು ನೋಡಲಾಗಿ ಅವಳ ಲೆಕ್ಕ ಸರಿಯಾಗಿತ್ತು. ಮಗ ನಾಲ್ಕು ವರ್ಷ ಆರಡಿ ದೂರದಲ್ಲಿ ಆಡಿದ್ದಾನೆ. ಅಪ್ಪ ಕೋಲು ಹಿಡಿದು ನಿಂತಿದ್ದಾನೆ. ಮೈದಾನದಲ್ಲಿ ಸುಮ್ಮನಿದ್ದು ಸುಮ್ಮನಿದ್ದು ಮನೆಯಲ್ಲೂ ಅದೇ ಅಭ್ಯಾಸವಾಗಿ ಹೋಗಿದೆ. ಅರ್ಜಿದಾರನಿಗೆ ತನ್ನ ಬಗ್ಗೆ ನಾಚಿಕೆಯಾಯಿತು.

13. ಆದ್ದರಿಂದ ಕಳೆದ ಭಾನುವಾರ ಗ್ಯಾರೇಜಿನಲ್ಲಿ ಇಬ್ಬರೂ ಟ್ರಕ್ಕಿನ ಎಣ್ಣೆ ಬದಲಿಸುತ್ತಿರುವಾಗ, ಟ್ರಕ್ಕಿನ ಕೆಳಗಿದ್ದು ಮುಖ ಕಾಣಿಸದ ಅನುಕೂಲವನ್ನು ಬಳಸಿಕೊಂಡು ಅರ್ಜಿದಾರನು, "ಆ ಬಾಗಿಲ ಮೇಲಿರೋದನ್ನ ಬರ್ದವ್ನು ನಾನೇ ಕಣೋ" ಎಂದನು.

"ಗೊತ್ತು. ಎಣ್ಣೆ ತಟ್ಟೆ ಈ ಕಡೆ ತಳ್ಳು."

"ಗೊತ್ತಾ? ಯಾವಾಗಿಂದ?"

"ಮೊದಲ್ನೇ ದಿನದಿಂದ. ನೀನೇ ಬರ್ದಿದ್ದೆಯಲ್ಲ, ಅರವತ್ನಾಲ್ಕರವನು ಓಟದ ಆಟಕ್ಕೆ ಬಗ್ಗಿದ್ರೆ ನೆಲಕ್ಕೂರಿದ ಬೆರಳ ಗೆಣ್ಣು ಬೆಳ್ಳಗಾಗುತ್ತೆ, ಎಸೆಯೋ ಆಟಕ್ಕಾದ್ರೆ ಕೆಂಪಗೇ ಇರುತ್ತೆ, ಎದುರಾಳಿಗೆ ಕಾಗದ ಬರ್ದು ತಿಳಿಸಿದ ಹಾಗೆ ಅಂತ. ಗ್ಯಾಲರೀಲಿ ಕೂತವ್ರಿಗೆ ನನ್ನ ಗೆಣ್ಣು ಕಾಣುತ್ತಾ ಅಪ್ಪ? ಕೋಚ್ ಸ್ಟಾನೆಕ್‌ಗೂ ಕಂಡಿರ್ಲಿಲ್ಲ. ಅಷ್ಟು ಹತ್ರದಿಂದ ನನ್ನೊಬ್ಬನ್ನೇ ನೋಡ್ತಿದ್ದವ್ರು ಇನ್ಯಾರಿದ್ದಾರೆ? ಬೇಸಿಗೆ ಪೂರ್ತಿ ಅದನ್ನೇ ತಿದ್ಕೊಂಡೆ."

ಅರ್ಜಿದಾರನು ಸ್ವಲ್ಪ ಹೊತ್ತು ಬೋಲ್ಟು ಬಿಗಿ ಮಾಡಿದನು. ಅದು ಆಗಲೇ ಬಿಗಿಯಾಗಿತ್ತು.

"ಬೇಜಾರಾಗಿತ್ತಾ?"

"ಎರಡು ವಾರ ನಿನ್ನ ಮುಖ ನೋಡೋಕಾಗ್ಲಿಲ್ಲ. ಎರಡಾ ಅಪ್ಪ? ಮೂರಾದ್ರೂ ಕೊಡ್ಬಾರ್ದಿತ್ತಾ?"

"ಮೊದ್ಲು ಆರು ಹಾಕಿದ್ದೆ."

"ಮತ್ತೆ?"

"ನಾನೇ ಅಂತ ಗೊತ್ತಾಗ್ಬಿಡುತ್ತೆ ಅಂತ ಹೆದರ್ಕೊಂಡೆ."

ನೋಲನ್ ನಕ್ಕನೋ ಇಲ್ಲವೋ ಟ್ರಕ್ಕಿನ ಕೆಳಗಿನಿಂದ ಕಾಣಲಿಲ್ಲ. ಕೊನೆಗೆ, "ಶನಿವಾರದ ತನಕ ಏನೂ ತಿದ್ದಬೇಡ. ಹುಡುಗ್ರಿಗೆ ಹೊಡೆಯೋಕೆ ಅದು ಬೇಕು. ನಮ್ಮಪ್ಪನದು ಅಂತ ಗೊತ್ತಾದ್ರೆ ಪಾಪ ಅಂತ ಮೆತ್ತಗೆ ಹೊಡೀತಾರೆ" ಎಂದನು.

14. ಮರುದಿನ, ಸೋಮವಾರ, ಅರ್ಜಿದಾರನು ವರ್ಜಿಲ್ ಅವರಿಗೂ ತಪ್ಪೊಪ್ಪಿಕೊಂಡನು. ಅವನು ಹೇಳಿ ಮುಗಿಸುವಷ್ಟರಲ್ಲಿ ಬಂದ ಕಾಫಿ ಆರಿತ್ತು. ವರ್ಜಿಲ್, "ಇನ್ಮೇಲೆ ನನ್ನ ಪರ ಮಾತಾಡೋದಿದ್ರೆ ಮೊದ್ಲು ನನ್ನ ಒಂದ್ಮಾತು ಕೇಳಯ್ಯ" ಎಂದು ಹೇಳಿ, ಇಬ್ಬರಿಗೂ ಬಿಸಿ ಕಾಫಿ ತರಿಸಿದರು.

15. ಅರ್ಜಿದಾರನು ಈ ಸೀಸನ್‌ನ ಒಂಬತ್ತು ಪಂದ್ಯಗಳ ದೃಶ್ಯಮುದ್ರಣವನ್ನು ಅರವತ್ತನಾಲ್ಕನೇ ಸಂಖ್ಯೆಯ ಮೇಲೆ ಮಾತ್ರ ಕಣ್ಣಿಟ್ಟು ಪೂರ್ತಿಯಾಗಿ ನೋಡಿದ್ದಾನೆ. ಒಟ್ಟು ಆರುನೂರ ಹನ್ನೆರಡು ಆಟಗಳಲ್ಲಿ (ಚೆಂಡು ಒಮ್ಮೆ ಹೊರಟು ನಿಂತರೆ ಒಂದು ಆಟ) ತಪ್ಪು ಹನ್ನೊಂದು. ಒಂಬತ್ತು ಅಂಕ ಕೊಡಲು ಮನಸ್ಸಿದೆ. ಆದರೆ ಎರಡನೇ ಪಂದ್ಯದ ಮೂರನೇ ಭಾಗದಲ್ಲಿ ಅವನು ಎದುರಾಳಿಯ ಹುಸಿ ಚಲನೆಗೆ ಮೋಸಹೋಗಿ, ಪಾಪ ನಮ್ಮ ಕ್ವಾರ್ಟರ್‌ಬ್ಯಾಕ್ ಅಂಗಾತ ಬಿದ್ದದ್ದು ದಾಖಲೆಯಲ್ಲಿದೆ. ಅರ್ಜಿದಾರನು ಸುಳ್ಳು ಅಂಕ ಬರೆಯುವುದನ್ನು ಬಿಟ್ಟಿರುವ ಕಾರಣ ಎಂಟು ಎಂದು ನಿಗದಿಪಡಿಸಿದ್ದಾನೆ.

16. ಇದೇ ಶನಿವಾರ ನಡೆಯುವುದು ನೋಲನ್‌ನ ಕೊನೆಯ ಪಂದ್ಯ. ಇಲ್ಲಿಂದ ಮುಂದಕ್ಕೆ ಕರೆಯುವ ತಂಡಗಳಿಲ್ಲ. ಜನವರಿಯಿಂದ ಅವನು ಪಕ್ಕದ ಊರಿನಲ್ಲಿ ಗಣಿತದ ಮೇಷ್ಟ್ರು. ಅಪ್ಪನಾದವನಿಗೆ ಉಳಿದಿರುವುದು ಮೂರು ಗಂಟೆ ಮಾತ್ರ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಪರಿಶೀಲಿಸಿ, ತಾವು ದಯಮಾಡಿ:

ಅ) ಬರಹ 8812ರಲ್ಲಿ ಎಡ ಗಾರ್ಡ್ ಅರವತ್ತನಾಲ್ಕಕ್ಕೆ ಕೊಟ್ಟಿರುವ 'ಎರಡು' ಎಂಬುದನ್ನು 'ಎಂಟು' ಎಂದು ತಿದ್ದಬೇಕು. ತಿದ್ದುಪಡಿಯು ಶನಿವಾರದ ಕೊನೆಯ ಸೀಟಿ ಊದಿದ ಮೇಲೆ ಜಾರಿಗೆ ಬರತಕ್ಕದ್ದು, ಅದಕ್ಕೆ ಒಂದು ನಿಮಿಷವೂ ಮುಂಚೆ ಅಲ್ಲ.

ಆ) ಅದೇ ವೇಳೆಗೆ ಅದರ ಕೆಳಗೆ, "ಈ ಆಟಗಾರರನ್ನು ಹುಡುಕಿ ಆರಿಸಿ ತಂದವರು ವರ್ಜಿಲ್ ಸ್ಟಾನೆಕ್" ಎಂಬ ವಾಕ್ಯವನ್ನು ಸೇರಿಸಬೇಕು. ಬರೆದವನ ನಿಜವಾದ ಹೆಸರನ್ನೂ ಹಾಕಬೇಕು. ಸೈಲೋ40 ಅವರು ಏನೇ ಅಂದರೂ ಅಳಿಸಬಾರದು. ಅನ್ನುವ ಹಕ್ಕು ಅವರಿಗಿದೆ.

ಇ) ಅರ್ಜಿದಾರನಿಗೆ ಶನಿವಾರ ಸರಪಳಿ ಸೇವೆಯಿಂದ ಒಂದು ದಿನದ ರಜೆ ಮಂಜೂರು ಮಾಡಬೇಕು. ರಜೆಯ ಕಾರಣ: ಕೂಗುವುದು. ಅಂದು ಕೋಲು ಹಿಡಿಯಲು ಬದಲಿಯಾಗಿ ವರ್ಜಿಲ್ ಸ್ಟಾನೆಕ್ ಅವರು ಒಪ್ಪಿದ್ದಾರೆ. ಮೈದಾನದ ಗೆರೆಯ ಪಕ್ಕ ನಿಂತು ಮುಖದಲ್ಲಿ ಸಂತೋಷ ತೋರಿಸದೆ ಇರುವುದರಲ್ಲಿ ಅವರಿಗೆ ಮೂರು ಸೀಸನ್‌ಗಳ ಅನುಭವವಿದೆ.

ಇಪ್ಪತ್ತನಾಲ್ಕು ವರ್ಷ ತುಟಿ ಎರಡು ಮಾಡದ,
ತಮ್ಮ ವಿಶ್ವಾಸಿ,
ಲೀಲ್ಯಾಂಡ್ ವೊಬೋರಿಲ್

ಸ್ಥಳ: ಕ್ಲೋವರ್ ಜಂಕ್ಷನ್
ದಿನಾಂಕ: ನವೆಂಬರ್ 12

ಲಗತ್ತುಗಳು:
1. ಬರಹ 8812ರ ಪ್ರತಿ. (ಮೂಲವು ಬಾಗಿಲ ಮೇಲಿದೆ. ಅಂಗೈ ಏಟಿಗೆ ಅಕ್ಷರಗಳು ಮಾಸಿವೆ.)
2. ಆರುನೂರ ಹನ್ನೆರಡು ಆಟಗಳ ಪಟ್ಟಿ, ಹನ್ನೊಂದು ತಪ್ಪುಗಳಿಗೆ ಕೆಂಪು ಗುರುತು.
3. ವರ್ಜಿಲ್ ಸ್ಟಾನೆಕ್ ಅವರ ಒಪ್ಪಿಗೆ ಪತ್ರ, ಹೋಟೆಲಿನ ಕೈ ಒರೆಸುವ ಕಾಗದದ ಮೇಲೆ.
4. ಗಂಟಲು ಸರಿಯಿದೆ ಎಂದು ಅರ್ಲೀನ್ ವೊಬೋರಿಲ್ ಅವರ ಪ್ರಮಾಣಪತ್ರ.

ವಿಶೇಷ ಸೂಚನೆ: ಗಾರ್ಡ್ ಆಡುವವನ ಹೆಸರನ್ನು ಯಾರೂ ಕೂಗುವ ವಾಡಿಕೆಯಿಲ್ಲ. ಅವನು ತಪ್ಪು ಮಾಡಿ ದಂಡ ಬಿದ್ದಾಗ ಮಾತ್ರ ಧ್ವನಿವರ್ಧಕದಲ್ಲಿ ಅವನ ಸಂಖ್ಯೆ ಹೇಳುತ್ತಾರೆ. ಆದ ಕಾರಣ ಶನಿವಾರ ಗ್ಯಾಲರಿಯ ಮೂರನೇ ಸಾಲಿನಲ್ಲಿ ನಾನು ಎದ್ದುನಿಂತು, ಚೆಂಡು ಎಲ್ಲೇ ಇರಲಿ, "ನೋಲನ್" ಎಂದು ಕೂಗುತ್ತಿದ್ದರೆ, ಯಾರೋ ಆಟ ತಿಳಿಯದವನು ಎಂದು ಕಾವಲಿನವರು ಹೊರಗೆ ಕಳಿಸದಂತೆ ಮುಂಚಿತವಾಗಿ ತಿಳಿಸಬೇಕಾಗಿ ವಿನಂತಿ.