ನೀರಿನ ಸದ್ದು ಮತ್ತು ನಮ್ಮ ಕಾಕಾ

ಬೆಟಗೇರಿಯಲ್ಲಿ ನಮ್ಮ ಕಾಕಾನಷ್ಟು ಜೋರಾಗಿ ಓಡುವವರು ಇನ್ನೊಬ್ಬರಿರಲಿಲ್ಲ. ಪೊಲೀಸರಿಗೆ ಹೆದರಿ ಎಂದುಕೊಂಡಿರಾ? ಅಲ್ಲ, ತಂಬಿಗೆಯಿಂದ ನೀರು ಸುರಿಯುವ ಸದ್ದಿಗೆ! ಅದು ಕಿವಿಗೆ ಬಿದ್ದರೆ ಸಾಕು, ಧೋತರ ಎತ್ತಿಕೊಂಡು ಹಿತ್ತಲಿಗೆ ದೌಡು.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಈ ಕಾಕಾ ಮತ್ತು ಚಿಗವ್ವ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತರೆ ಕಾಕಾ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಲಾಳಿ ನಿಂತಿತೋ, ಮುಗಿಯಿತು! ಪಕ್ಕದ ಮನೆಯಾಕೆ ನೂಲು ನೆನೆಹಾಕುವ ಮೊದಲು ಕೂಗುತ್ತಿದ್ದಳು: "ನೀರ ಸುರೀತೀನ್ರೀ, ಎದ್ದ ಹೋಗ್ರಿ!" ಓಣಿಯೆಲ್ಲ ನಗುತ್ತಿತ್ತು. ನನಗೆ ಮಾತ್ರ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸುತ್ತಿತ್ತು.

ಗದಗಿನ ಡಾಕ್ಟರರ ಬಳಿ ಕರೆದೊಯ್ದೆವು.

"ಮೂತ್ರದ ಚೀಲ ತುಂಬಿದ್ರ ಬೆನ್ನಹುರಿಗುಂಟ ಮಿದುಳಿಗೆ ಖಬರ ಹೋಗತೈತಿ. 'ಜಾಗಾ ಸಿಗೂತನಕ ತಡಿ' ಅಂತ ಮಿದುಳು ಹುಕುಂ ಕೊಡಬೇಕು. ನಿಮ್ಮಲ್ಲಿ ಆ ಹುಕುಂ ಮುಟ್ಟೂದ್ರಾಗ ಬಾಗಲಾ ತೆರದಿರತೈತಿ."

"ನೇಯುವಾಗ ಹೆಂಗ ತಡೀತೈತ್ರೀ?" ಎಂದರು ಕಾಕಾ.

"ಆವಾಗ ಲಕ್ಷ್ಯ ಎಲ್ಲಾ ನೂಲಿನ ಎಳಿಯಾಗ ಇರತೈತಲ್ಲ!"

ಅದು ಏಕೀಕರಣದ ವರ್ಷ. ಹೊರಬಂದ ಕಾಕಾ ಸಿಕ್ಕವರಿಗೆಲ್ಲ ಸಾರಿದರು: "ನಾಡೆಲ್ಲಾ ಒಂದಾತು. ನನ್ನ ತಲಿ, ನನ್ನ ಚೀಲ ಇನ್ನೂ ಬ್ಯಾರೆ ಬ್ಯಾರೆ ಸರ್ಕಾರದಾಗ ಅದಾವ!" ಇದನ್ನು ಬಜಾರದಲ್ಲಿ ನಿಂತು ಹೇಳಬೇಕೇ? ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

ಮುಂಡರಗಿಯಿಂದ ವರನ ಕಡೆಯವರು ನನ್ನನ್ನು ನೋಡಲು ಬಂದರು. ಕಾಲಿಗೆ ನೀರು ಕೊಟ್ಟ ಕಾಕಾ ಅಲ್ಲಿಂದಲೇ ಮಾಯ!

"ಹಿರ್ಯಾರು ಎಲ್ಲಿ ಹ್ವಾದ್ರು?" ಎಂದರು ವರನ ತಾಯಿ.

"ಆಕಳ ಹಗ್ಗಾ ಬಿಚ್ಚಿಕೊಂಡೈತ್ರೀ," ಎಂದಳು ಚಿಗವ್ವ. ನಮ್ಮ ಮನೆಯಲ್ಲಿ ಆಕಳೇ ಇರಲಿಲ್ಲ! ಬಾಗಿಲ ಮರೆಯಲ್ಲಿದ್ದ ನಾನು ನಾಚಿಕೆಯಿಂದ ಬೆವತುಹೋದೆ. ಹೇಗೋ ಮದುವೆ ಗೊತ್ತಾಯಿತು.

ಆಮೇಲೆ ಹೊಳೆಯಿತು: ಧಾರೆ! ನನ್ನ ಕೈ, ವರನ ಕೈ ಸೇರಿಸಿ ಹಿಡಿಯಬೇಕಾದವರು ಕಾಕಾ, ಮೇಲಿನಿಂದ ನೀರು ಸುರಿಯುವವಳು ಚಿಗವ್ವ. ಅಷ್ಟು ಮಂದಿಯ ಎದುರು ಇವರು ಓಡಿದರೆ ನನ್ನ ಗತಿಯೇನು?

"ಕಾಕಾ, ಧಾರಿ ಎರಿಯಾಕ ಸೋದರಮಾವಗ ಹೇಳೋಣು," ಎಂದು ಗೋಗರೆದೆ.

ಅವರ ಮುಖ ಸಣ್ಣದಾಯಿತು. "ನಿನ್ನ ಧಾರಿ ನಾನ ಎರೀತೀನಂತ ನಿಮ್ಮಪ್ಪಗ ಮಾತ ಕೊಟ್ಟೀನವ್ವಾ. ಅವತ್ತ ಓಡೂದಿಲ್ಲ, ತಗೋ."

ಮದುವೆಯ ದಿನ ಬೆಳಗಿನಿಂದ ಅವರು ಹನಿ ನೀರು ಕುಡಿದಿರಲಿಲ್ಲ. ಚಿಗವ್ವ ತಂಬಿಗೆ ಬಗ್ಗಿಸಿದಳು. ನೀರು ಬಿತ್ತು. ಆದರೆ ಕಾಕಾ ಓಡಲಿಲ್ಲ, ನಮ್ಮಿಬ್ಬರ ಕೈಗಳನ್ನು ಗಟ್ಟಿಯಾಗಿ ಹಿಡಿದು ನಿಂತರು. ತಲೆ ತಗ್ಗಿಸಿದ್ದ ನನಗೆ ಅವರ ಧೋತರ ನಿಧಾನವಾಗಿ ತೊಯ್ಯುವುದು ಕಂಡಿತು. ಮುಗಿಯಿತು ನನ್ನ ಮರ್ಯಾದೆ ಎಂದುಕೊಂಡೆ.

ಅಷ್ಟರಲ್ಲಿ ವರನ ಮೊಳಕೈ ತಂಬಿಗೆಗೆ ಬಡಿಯಿತು. ನೀರೆಲ್ಲ ಕಾಕಾನ ಧೋತರದ ಮೇಲೆ!

"ಕಣ್ಣ ಕಾಣೂದಿಲ್ಲೇನಲೇ? ಹಿರ್ಯಾರನ್ನ ತೋಯಿಸಿಬಿಟ್ಟೆಲ್ಲ!" ಎಂದು ವರನ ತಾಯಿ ಮಗನನ್ನು ಗದರಿದರು.

"ತಪ್ಪಾತ್ರೀ ಮಾವಾರ," ಎಂದರು ವರ. ಆ ಮೊಳಕೈ ತಾನಾಗಿ ಅತ್ತ ಹೋಗಿರಲಿಲ್ಲ, ಪಕ್ಕದಲ್ಲಿದ್ದ ನನಗೆ ಗೊತ್ತು.

ನಾನು ತಲೆಯೆತ್ತಿದೆ. ಕಾಕಾನ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲೂ ಅವರು ನಮ್ಮ ಕೈ ಬಿಡಲಿಲ್ಲ.